ಮಾರುವವನು ಯಾರು, ಯಾವ ಹಕ್ಕಿನಿಂದ?

ಜಯನಗರದ ನಿವಾಸಿಗಳ ಸಭೆಯೊಂದರಲ್ಲಿ, ಆನ್‌ಲೈನ್ ಹರಾಜಿನಲ್ಲಿ ಹಳೆಯ ವಾಹನ ಕೊಳ್ಳುವ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪವಿದು. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.

ಹಿರಿಯರೇ, ಸ್ನೇಹಿತರೇ,

ಇಲ್ಲಿ ಕುಳಿತಿರುವವರಲ್ಲಿ ಬಹಳಷ್ಟು ಜನ ಒಂದಲ್ಲ ಒಂದು ಕಾಲದಲ್ಲಿ ಚೀಟಿ ಹಾಕಿದವರೇ ಇರುತ್ತೀರಿ. ಹಾಗಾಗಿ ಹರಾಜಿನ ಸ್ವಭಾವವನ್ನು ನಿಮಗೆ ಮೊದಲಿನಿಂದ ವಿವರಿಸಬೇಕಾಗಿಲ್ಲ. ಚೀಟಿ ಕೂಗುವ ದಿನ ಯಾರಿಗೆ ಹಣದ ಅಡಚಣೆ ಹೆಚ್ಚೋ ಅವರೇ ಹೆಚ್ಚು ಬಿಟ್ಟುಕೊಟ್ಟು ಚೀಟಿ ಎತ್ತುತ್ತಾರೆ, ಉಳಿದವರು ಆ ಲಾಭವನ್ನು ಹಂಚಿಕೊಂಡು ಮನೆಗೆ ಹೋಗುತ್ತಾರೆ. ವಾಹನದ ಹರಾಜಿನಲ್ಲಿ ಅಡಚಣೆಯ ಜಾಗದಲ್ಲಿ ಆಸೆ ಕುಳಿತಿರುತ್ತದೆ ಎನ್ನುವುದೊಂದೇ ವ್ಯತ್ಯಾಸ. ಒಂದೇ ಕಾರಿನ ಫೋಟೊಗಳನ್ನು ಇಪ್ಪತ್ತು ಜನ ನೋಡಿ ಇಪ್ಪತ್ತು ಬೆಲೆ ಕಟ್ಟಿದಾಗ ಆ ಕಾರು ಸರಿಯಾದ ಬೆಲೆ ಕಟ್ಟಿದವನಿಗೆ ಸಿಗುವುದಿಲ್ಲ. ಎಲ್ಲರಿಗಿಂತ ಹೆಚ್ಚು ಕಟ್ಟಿದವನಿಗೆ ಸಿಗುತ್ತದೆ. ಅಮೆರಿಕದಲ್ಲಿ ತೈಲ ನಿಕ್ಷೇಪಗಳ ಗುತ್ತಿಗೆಯನ್ನು ಹರಾಜಿನಲ್ಲಿ ಗೆದ್ದ ಕಂಪನಿಗಳಿಗೆ ನಿರೀಕ್ಷಿಸಿದ ಲಾಭ ಏಕೆ ಬರುತ್ತಿಲ್ಲ ಎಂದು ಕೇಪನ್, ಕ್ಲಾಪ್, ಕ್ಯಾಂಪ್‌ಬೆಲ್ ಎಂಬ ಮೂವರು ಎಂಜಿನಿಯರುಗಳು 1971ರಲ್ಲಿ ಬರೆದಾಗ ಕೊಟ್ಟ ಉತ್ತರವೂ ಇದೇ ಆಗಿತ್ತು. ಅರ್ಥಶಾಸ್ತ್ರಜ್ಞರು ಇದನ್ನು ಗೆದ್ದವನ ಶಾಪ ಎಂದು ಕರೆಯುತ್ತಾರೆ. ತೈಲದ ಕಂಪನಿಗಳಿಗೇ ತಟ್ಟಿದ ಶಾಪ, ಮೊಬೈಲಿನಲ್ಲಿ ರಾತ್ರಿ ಹತ್ತು ಗಂಟೆಗೆ ಬಿಡ್ ಒತ್ತುವ ನಮ್ಮನ್ನು ಬಿಡುವುದುಂಟೇ?

ನಾನು ಹಲವು ವರ್ಷ ವಾಹನ ವಿಮೆಯ ಸರ್ವೇಯರ್ ಆಗಿ ಕೆಲಸ ಮಾಡಿದವನು. ಅಪಘಾತವಾದ, ನೀರಿನಲ್ಲಿ ಮುಳುಗಿದ, ಸುಟ್ಟುಹೋದ ಗಾಡಿಗಳನ್ನು ನೋಡಿ ನಷ್ಟ ಅಂದಾಜು ಮಾಡುವುದೇ ನನ್ನ ಹೊಟ್ಟೆಪಾಡಾಗಿತ್ತು. ಆ ಅನುಭವದಿಂದ ಒಂದು ಮಾತು ಹೇಳುತ್ತೇನೆ, ಇಂದಿನ ಉಪನ್ಯಾಸವೆಲ್ಲ ಅದರ ವಿಸ್ತರಣೆ ಮಾತ್ರ. ಹರಾಜಿನ ಪರದೆಯ ಮೇಲೆ ನಿಮಗೆ ಕಾಣುವುದು ಗಾಡಿ. ಆದರೆ ನೀವು ನಿಜವಾಗಿ ಕೊಳ್ಳುವುದು ಆ ಗಾಡಿಯ ಮೇಲೆ ಮಾರುವವನಿಗೆ ಇರುವ ಹಕ್ಕನ್ನು. ಆ ಹಕ್ಕು ಎಷ್ಟು ಗಟ್ಟಿಯೋ ನಿಮ್ಮ ಒಡೆತನವೂ ಅಷ್ಟೇ ಗಟ್ಟಿ. ಆದ್ದರಿಂದ ಮೈಲೇಜು, ಬಣ್ಣ, ಮಾಡೆಲ್‌ಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ, ಇದನ್ನು ಮಾರುತ್ತಿರುವವರು ಯಾರು, ಯಾವ ಹಕ್ಕಿನಿಂದ ಮಾರುತ್ತಿದ್ದಾರೆ ಎಂಬುದು.

ಹರಾಜಿಗೆ ಬರುವ ಗಾಡಿಗಳಲ್ಲಿ ಹೆಚ್ಚಿನವು ಸಾಲ ಕಟ್ಟದೆ ಬ್ಯಾಂಕು ಅಥವಾ ಫೈನಾನ್ಸ್ ಕಂಪನಿ ವಶಪಡಿಸಿಕೊಂಡವು, ನಮ್ಮ ಗ್ಯಾರೇಜುಗಳ ಭಾಷೆಯಲ್ಲಿ ಸೀಜ್ ಆದ ಗಾಡಿಗಳು. ಇಲ್ಲಿ ಮಾರುವವನು ಆರ್‌ಸಿಯಲ್ಲಿ ಹೆಸರಿರುವ ಮಾಲೀಕನಲ್ಲ, ಸಾಲ ಕೊಟ್ಟವನು. ಮೋಟಾರು ವಾಹನ ಕಾಯ್ದೆಯ 51ನೇ ಕಲಂ ಸಾಲ ಕೊಟ್ಟವನಿಗೆ ಒಂದು ಸ್ಪಷ್ಟ ದಾರಿಯನ್ನು ತೋರಿಸಿದೆ: ಕಂತು ತಪ್ಪಿದ್ದರಿಂದ ಗಾಡಿಯನ್ನು ವಶಕ್ಕೆ ತೆಗೆದುಕೊಂಡಿದ್ದು, ಮಾಲೀಕ ಆರ್‌ಸಿ ಒಪ್ಪಿಸಲು ನಿರಾಕರಿಸಿದ್ದರೆ ಅಥವಾ ತಲೆಮರೆಸಿಕೊಂಡಿದ್ದರೆ, ಆರ್‌ಟಿಒ ಆ ಮಾಲೀಕನಿಗೆ ನೋಟಿಸ್ ಕೊಟ್ಟು, ಹಳೆಯ ಆರ್‌ಸಿ ರದ್ದು ಮಾಡಿ, ಸಾಲ ಕೊಟ್ಟವನ ಹೆಸರಿಗೇ ಹೊಸ ಆರ್‌ಸಿ ಕೊಡಬಹುದು. ಇದಕ್ಕೆ ಹಾಕುವ ಅರ್ಜಿ ಫಾರಂ 36, ಮಾಲೀಕನಿಗೆ ಹೋಗುವ ನೋಟಿಸ್ ಫಾರಂ 37. ಈ ದಾರಿಯಲ್ಲಿ ಬಂದ ಗಾಡಿಯನ್ನು ಕೊಂಡವನಿಗೆ ಹೆಸರು ಬದಲಾವಣೆ ಸಲೀಸು.

ಆದರೆ ಎಷ್ಟೋ ಸಲ ಈ ದಾರಿಯನ್ನು ಹಿಡಿಯುವುದೇ ಇಲ್ಲ. ಸಾಲ ಕೊಡುವ ದಿನವೇ ಗ್ರಾಹಕನಿಂದ ಒಡೆತನ ವರ್ಗಾವಣೆಯ ಖಾಲಿ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು ಕಡತದಲ್ಲಿಟ್ಟು, ಗಾಡಿ ಹರಾಜಾದ ಮೇಲೆ ಅದೇ ಕಾಗದವನ್ನು ಕೊಂಡವನ ಕೈಗೆ ಕೊಟ್ಟು ಕಳಿಸುವವರಿದ್ದಾರೆ. ಐದು ವರ್ಷದ ಹಿಂದಿನ ಸಹಿ ಹೊಂದದಿದ್ದರೆ, ಅರ್ಜಿ ಆನ್‌ಲೈನ್‌ನಲ್ಲಿ ಹೋಗಬೇಕಾಗಿ ಹಳೆಯ ಮಾಲೀಕನ ಮೊಬೈಲಿಗೆ ಒಟಿಪಿ ಹೋದರೆ, ನಿಮ್ಮ ಕಥೆ ಮುಗಿಯಿತು. ಗಾಡಿ ಕಳೆದುಕೊಂಡ ಸಿಟ್ಟಿನಲ್ಲಿರುವ ಮನುಷ್ಯ ನಿಮಗೆ ಒಟಿಪಿ ಹೇಳುತ್ತಾನೆಯೇ? ಆದ್ದರಿಂದ ಬಿಡ್ ಹಾಕುವ ಮೊದಲೇ ಹರಾಜು ಸಂಸ್ಥೆಗೆ ಇಮೇಲ್ ಬರೆದು ಎರಡು ವಿಷಯ ಕೇಳಿ, ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ: ಆರ್‌ಸಿ ಈಗ ಯಾರ ಹೆಸರಿನಲ್ಲಿದೆ, ಮತ್ತು ಹಣ ಕಟ್ಟಿದ ಮೇಲೆ ಯಾವ ಯಾವ ಕಾಗದಗಳು ಎಷ್ಟು ದಿನದಲ್ಲಿ ಕೈಗೆ ಬರುತ್ತವೆ. ಸಾಲ ತೀರಿದ್ದಕ್ಕೆ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಆ ಪಟ್ಟಿಯಲ್ಲಿ ಇರಲೇಬೇಕು. ಇವೆರಡೂ ಇಲ್ಲದೆ ಆರ್‌ಸಿಯ ಮೇಲಿನ ಹೈಪೊಥಿಕೇಶನ್, ಅಂದರೆ ಗಾಡಿ ಸಾಲಕ್ಕೆ ಒತ್ತೆಯಾಗಿದೆ ಎಂಬ ನಮೂದು, ಅಳಿಯುವುದಿಲ್ಲ. ಅದು ಅಳಿಯದಿದ್ದರೆ ಮುಂದೆ ನೀವು ಮಾರಲೂ ಆಗುವುದಿಲ್ಲ.

ನಾನೇ ಎಡವಿದ್ದು ಇಲ್ಲೇ. ನಿವೃತ್ತಿಯ ಹೊಸತರಲ್ಲಿ ಮಗಳಿಗೆಂದು ಒಂದು ಸಣ್ಣ ಕಾರನ್ನು ಹರಾಜಿನಲ್ಲಿ ಹಿಡಿದೆ. ಎಂಜಿನ್, ಚಾಸಿ, ಪೇಂಟು ಎಲ್ಲವನ್ನೂ ಸರ್ವೇಯರನ ಕಣ್ಣಿನಿಂದ ನೋಡಿ ಬೀಗಿದ್ದೆ. ಆರ್‌ಸಿಯಲ್ಲಿ ಹೈಪೊಥಿಕೇಶನ್ ಇದ್ದದ್ದು ಮಾರಿದ ಸಂಸ್ಥೆಯದ್ದಲ್ಲ, ಆ ಸಂಸ್ಥೆಗೆ ತನ್ನ ಸಾಲದ ವ್ಯವಹಾರವನ್ನೇ ಬಿಟ್ಟುಕೊಟ್ಟಿದ್ದ ಇನ್ನೊಂದರದು ಎಂಬುದನ್ನು ಗಮನಿಸಿರಲಿಲ್ಲ. ಮಾರಿದ ಸಂಸ್ಥೆ ಕೊಟ್ಟ ಎನ್‌ಒಸಿಯನ್ನು ಆರ್‌ಟಿಒ ಒಪ್ಪಲಿಲ್ಲ, ಮೊದಲು ಸಾಲ ಕೊಟ್ಟಿದ್ದ ಸಂಸ್ಥೆಗೆ ಬೆಂಗಳೂರಿನಲ್ಲಿ ಕಚೇರಿಯೇ ಉಳಿದಿರಲಿಲ್ಲ. ಹನ್ನೊಂದು ತಿಂಗಳು ಕಾರು ಮನೆಯ ಮುಂದೆ ನಿಂತಿತ್ತು, ಹೊಂಗೆಯ ಹೂವು ಉದುರಿಸಿಕೊಂಡು. ಮಗಳು ಅಷ್ಟರಲ್ಲಿ ಮೆಟ್ರೊ ಪಾಸು ಮಾಡಿಸಿಕೊಂಡಿದ್ದಳು.

ಎರಡನೆಯ ಬಗೆಯ ಮಾರಾಟಗಾರ ವಿಮಾ ಕಂಪನಿ. ಇದರ ಬಗ್ಗೆ ಸ್ವಲ್ಪ ಹೆಚ್ಚು ಮಾತನಾಡುತ್ತೇನೆ, ಏಕೆಂದರೆ ಅಗ್ಗದ ಬೆಲೆಗೆ ಮರುಳಾಗಿ ಜನ ಹೆಚ್ಚು ಬೀಳುವ ಗುಂಡಿ ಇದು. ಅಪಘಾತವಾದ ಗಾಡಿಯ ರಿಪೇರಿ ಖರ್ಚು ಅದರ ವಿಮಾ ಮೌಲ್ಯದ, ಅಂದರೆ ಐಡಿವಿಯ, ಶೇ. 75 ದಾಟಿದರೆ ಅದನ್ನು ಟೋಟಲ್ ಲಾಸ್ ಎಂದು ಪರಿಗಣಿಸುತ್ತಾರೆ. ಮಾಲೀಕನಿಗೆ ಪರಿಹಾರ ಕೊಟ್ಟು, ಉಳಿದ ಅವಶೇಷವನ್ನು ಹರಾಜು ಹಾಕುತ್ತಾರೆ. ಐಡಿವಿ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ನಾಲ್ಕು ವರ್ಷ ದಾಟಿ ಐದರೊಳಗಿನ ಗಾಡಿಗೆ ಹೊಸದರ ಬೆಲೆಯಲ್ಲಿ ಅರ್ಧದಷ್ಟೇ ಉಳಿದಿರುತ್ತದೆ. ಬಿಡಿಭಾಗಗಳ ಬೆಲೆ ಮಾತ್ರ ಇಳಿಯುವುದಿಲ್ಲ. ಹಾಗಾಗಿ ನೋಡಲು ಅಷ್ಟೇನೂ ಜಜ್ಜಿರದ ಹಳೆಯ ಕಾರೂ ಟೋಟಲ್ ಲಾಸ್ ಆಗಬಹುದು. ಇಂಥದ್ದನ್ನು ಕಸುಬು ಬಲ್ಲ ಗ್ಯಾರೇಜಿನವರು ಕೊಂಡು ರಿಪೇರಿ ಮಾಡಿ ಲಾಭ ಮಾಡುತ್ತಾರೆ, ಅದರಲ್ಲಿ ತಪ್ಪೂ ಇಲ್ಲ. ಆದರೆ ಅದೇ ಲೆಕ್ಕವನ್ನು ನಾವು ನೀವು ಹಾಕಹೋದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ತಿಂಗಳುಗಟ್ಟಲೆ ಅಲೆಯುತ್ತೇವೆ.

ಅವಶೇಷದ ಪಟ್ಟಿಯಲ್ಲಿ ಕೆಲವು ಗಾಡಿಗಳ ಮುಂದೆ ಆರ್‌ಸಿ ಸಹಿತ ಎಂದೂ ಕೆಲವುಗಳ ಮುಂದೆ ಆರ್‌ಸಿ ರಹಿತ ಎಂದೂ ಬರೆದಿರುತ್ತಾರೆ. ಆರ್‌ಸಿ ಇಲ್ಲದ ಗಾಡಿ ರಸ್ತೆಗೆ ಮರಳುವ ಗಾಡಿಯಲ್ಲ, ಅದು ಗುಜರಿ. ಮತ್ತೆ ಓಡಿಸಲಾಗದಷ್ಟು ಹಾಳಾದ ವಾಹನದ ಮಾಲೀಕ 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕೆಂದು ಕಾಯ್ದೆಯ 55ನೇ ಕಲಂ ಹೇಳುತ್ತದೆ. ಇದು ಪಾಲನೆಯಾಗದಿದ್ದಾಗ ಒಂದು ಹಳೆಯ ವಿದ್ಯೆ ನಡೆಯುತ್ತದೆ: ನಜ್ಜುಗುಜ್ಜಾದ ಕಾರಿನ ಆರ್‌ಸಿಯನ್ನೂ ಚಾಸಿ ಸಂಖ್ಯೆಯನ್ನೂ ತೆಗೆದು, ಅದೇ ಬಣ್ಣ ಅದೇ ಮಾಡೆಲಿನ ಕದ್ದ ಕಾರಿಗೆ ಕೂರಿಸುವುದು. ಕಾಗದಗಳೆಲ್ಲ ಅಸಲಿಯಾಗಿರುತ್ತವೆ, ಕಾರು ಮಾತ್ರ ಬೇರೆಯವರದು. ಹೀಗೆ ಹುಟ್ಟಿದ ಕಾರನ್ನು ಗುರುತಿಸಲು ಚಾಸಿ ಸಂಖ್ಯೆಯನ್ನು ಕೈಯಿಂದ ಮುಟ್ಟಿ ನೋಡಬೇಕು. ಅದರಲ್ಲಿ 17 ಅಕ್ಷರ, ಅಂಕಿಗಳಿರುತ್ತವೆ; ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಅದರಲ್ಲಿ ಬರುವುದೇ ಇಲ್ಲ. ಅಂಕಿಗಳ ಸುತ್ತ ಹೊಸ ಪೇಂಟು, ಉಜ್ಜಿದ ಗುರುತು, ವೆಲ್ಡಿಂಗಿನ ಗೆರೆ ಕಂಡರೆ ಅಲ್ಲಿಂದ ಎದ್ದು ಬನ್ನಿ. ಕದ್ದ ಗಾಡಿಗಳ ದಾಖಲೆಯೊಂದಿಗೆ ಹೋಲಿಸಿ ನೋಡುವ ಸೌಲಭ್ಯವನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಸಾರ್ವಜನಿಕರಿಗೂ ಒದಗಿಸಿದೆ. ಚಾಸಿ, ಎಂಜಿನ್, ನೋಂದಣಿ ಸಂಖ್ಯೆಗಳನ್ನು ಅಲ್ಲಿ ಕೊಟ್ಟು ನೋಡಲು ಐದು ನಿಮಿಷ ಸಾಕು.

ನೀರಿನಲ್ಲಿ ಮುಳುಗಿದ ಗಾಡಿಗಳದ್ದು ಬೇರೆಯದೇ ಅಧ್ಯಾಯ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ದುಬಾರಿ ಕಾರುಗಳು ಛಾವಣಿವರೆಗೆ ಮುಳುಗಿದ್ದ ಚಿತ್ರಗಳನ್ನು ನೀವೆಲ್ಲ ನೋಡಿದ್ದೀರಿ. 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರದಲ್ಲಿ ಅದೇ ದೃಶ್ಯ. ಆ ಕಾರುಗಳೆಲ್ಲ ಎಲ್ಲಿ ಹೋದವು ಎಂದು ಯಾರೂ ಕೇಳಲಿಲ್ಲ. ಮುಳುಗಿದ ಕಾರುಗಳು ಬಟ್ಟೆಯ ಹಾಗೆ ತೊಳೆದು ಒಣಗಿ, ಹೊಳೆಹೊಳೆಯುತ್ತ ಬೇರೆ ಊರಿನ ಯಾರ್ಡಿನಿಂದಲೂ ಪಟ್ಟಿಗೆ ಬರಬಹುದು. ಅಪಘಾತವಾದ ಕಾರಿನ ಗಾಯ ಹೊರಗಿರುತ್ತದೆ. ಮುಳುಗಿದ ಕಾರಿನದು ವೈರಿಂಗಿನೊಳಗೆ, ಏರ್‌ಬ್ಯಾಗಿನ ಮಾಡ್ಯೂಲಿನೊಳಗೆ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವಿನೊಳಗೆ ಕುಳಿತು ಆರು ತಿಂಗಳ ಮೇಲೆ ತಲೆ ಎತ್ತುತ್ತದೆ. ಹಾಗಾಗಿ ಮೊದಲು ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ತೊಳೆಯುವವರು ಅಲ್ಲಿಯವರೆಗೆ ಹೋಗುವುದು ಅಪರೂಪ, ಕೆಸರಿನ ಗೆರೆ ಅಲ್ಲೇ ಉಳಿದಿರುತ್ತದೆ. ಸೀಟಿನ ಕೆಳಗಿನ ಹಳಿಗಳ ತುಕ್ಕು, ಸ್ಟೆಪ್ನಿ ಇಡುವ ಗುಳಿಯಲ್ಲಿ ಸೇರಿಕೊಂಡ ಮರಳು, ವೈರಿನ ಕನೆಕ್ಟರುಗಳಲ್ಲಿ ತಾಮ್ರದ ಹಸಿರು ಕಿಲುಬು, ಹೆಡ್‌ಲೈಟಿನೊಳಗೆ ಒಣಗಿದ ನೀರಿನ ಕಲೆ ಇವೆಲ್ಲ ಮಾತಾಡುವ ಸಾಕ್ಷಿಗಳು. ಒಳಗೆ ಅಗತ್ಯಕ್ಕಿಂತ ಹೆಚ್ಚು ಸೆಂಟು ಹೊಡೆದಿದ್ದರೆ ಅದನ್ನೂ ಒಂದು ಸಾಕ್ಷಿ ಎಂದೇ ಲೆಕ್ಕ ಹಾಕಿ.

ಸರ್ಕಾರಿ ಹರಾಜಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೇಂದ್ರ ಸರ್ಕಾರದ ಎಂಎಸ್‌ಟಿಸಿ ಸಂಸ್ಥೆಯ ಜಾಲತಾಣದಲ್ಲಿ ಇಲಾಖೆಗಳ ಹಳೆಯ ಜೀಪು, ಕಾರುಗಳು ಬರುತ್ತವೆ. ಸರ್ಕಾರದ ಪರವಾಗಿ ನಡೆದ ಸಾರ್ವಜನಿಕ ಹರಾಜಿನಲ್ಲಿ ಕೊಂಡವರು ಗಾಡಿ ವಶಕ್ಕೆ ಪಡೆದ 30 ದಿನಗಳೊಳಗೆ ಹೆಸರು ಬದಲಾವಣೆಗೆ ಫಾರಂ 32ರಲ್ಲಿ ಅರ್ಜಿ ಹಾಕಬೇಕು, ಜೊತೆಗೆ ಮಾರಾಟ ಖಚಿತಪಡಿಸಿದ ಆದೇಶದ ಪ್ರತಿ ಕೊಡಬೇಕು. ಆದರೆ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ರದ್ದುಪಡಿಸಲಾಗಿದೆ. ಅವು ನೋಂದಾಯಿತ ಸ್ಕ್ರಾಪಿಂಗ್ ಕೇಂದ್ರಕ್ಕೇ ಹೋಗಬೇಕು. ಹಳೆಯ ಸರ್ಕಾರಿ ಜೀಪಿನ ಮೇಲೆ ಮೋಹವಿರುವವರು ಅದರ ನೋಂದಣಿಯ ವರ್ಷವನ್ನು ಮೊದಲು ನೋಡಿಕೊಳ್ಳಿ. ಇನ್ನು ಹಳೆಯ ಕಾರಿನ ಡೀಲರುಗಳು: 2022ರ ಡಿಸೆಂಬರಿನ ತಿದ್ದುಪಡಿಯ ನಿಯಮಗಳ ಪ್ರಕಾರ ಅವರು ಆರ್‌ಟಿಒದಿಂದ ಅಧಿಕೃತ ಪ್ರಮಾಣಪತ್ರ ಪಡೆದಿರಬೇಕು, ಗಾಡಿ ತಮ್ಮ ಕೈ ಸೇರಿದ್ದನ್ನು ಆನ್‌ಲೈನ್‌ನಲ್ಲಿ ತಿಳಿಸಬೇಕು. ಆ ಪ್ರಮಾಣಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಹಕ್ಕಿನ ವಿಷಯ ಆಯಿತು, ಈಗ ಬಾಕಿಗಳ ವಿಷಯ. ಗಾಡಿಯ ಸಂಖ್ಯೆಯನ್ನು ವಾಹನ್ ಜಾಲತಾಣದಲ್ಲೋ ಎಂಪರಿವಾಹನ್ ಆ್ಯಪಿನಲ್ಲೋ ಹಾಕಿ, ಎಷ್ಟನೆಯ ಮಾಲೀಕ, ವಿಮೆ ಯಾವತ್ತಿಗೆ ಮುಗಿಯಿತು, ಹೈಪೊಥಿಕೇಶನ್ ಯಾರದು, ಬ್ಲ್ಯಾಕ್‌ಲಿಸ್ಟ್ ಆಗಿದೆಯೇ ಎಂಬುದನ್ನು ನೋಡಿ. ಬೆಂಗಳೂರಿನ ಗಾಡಿಯಾದರೆ ಸಂಚಾರ ದಂಡದ ಬಾಕಿಯನ್ನು ಪ್ರತ್ಯೇಕವಾಗಿ ನೋಡಲೇಬೇಕು. 2023ರ ಫೆಬ್ರುವರಿಯಲ್ಲಿ ಶೇ. 50 ರಿಯಾಯಿತಿ ಕೊಟ್ಟಾಗ ದಂಡ ಕಟ್ಟಲು ಜನ ಸಾಲುಗಟ್ಟಿ ನಿಂತದ್ದು ನೆನಪಿರಬಹುದು. ಆ ಸಾಲಿನಲ್ಲಿ ಹಿಂದಿನ ಮಾಲೀಕನ ಪಾಪವನ್ನು ತೊಳೆಯಲು ಬಂದಿದ್ದ ಪರಿಚಯದವರೊಬ್ಬರನ್ನು ನಾನೇ ಮಾತಾಡಿಸಿದ್ದೇನೆ. ಸಿಗ್ನಲ್ಲಿನ ಕ್ಯಾಮೆರಾಕ್ಕೆ ಗೊತ್ತಿರುವುದು ನಂಬರ್ ಪ್ಲೇಟು ಮಾತ್ರ.

ಹೊರರಾಜ್ಯದ ಗಾಡಿಗಳ ಬೆಲೆ ಪಟ್ಟಿಯಲ್ಲಿ ಕಣ್ಣು ಕುಕ್ಕುತ್ತದೆ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇರಿದ ನಿರ್ಬಂಧವನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿದ ಮೇಲೆ ಅಲ್ಲಿನ ಡೀಸೆಲ್ ಕಾರುಗಳು ದಕ್ಷಿಣದ ದಾರಿ ಹಿಡಿದವು. ಅಂಥ ಕಾರು ಇಲ್ಲಿ ನೆಲೆ ನಿಲ್ಲಬೇಕಾದರೆ ಅಲ್ಲಿಯ ಆರ್‌ಟಿಒದ ಎನ್‌ಒಸಿ, ಅಂದರೆ ಫಾರಂ 28 ಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆಯನ್ನು ಗಾಡಿಯ ವಯಸ್ಸಿಗೆ ತಕ್ಕಂತೆ ಇಲ್ಲಿ ಮತ್ತೆ ಕಟ್ಟಬೇಕು, ಕೆಎ ಸಂಖ್ಯೆ ಪಡೆಯಬೇಕು. ನಮ್ಮ ರಾಜ್ಯದ ತೆರಿಗೆ ದೇಶದಲ್ಲೇ ಹೆಚ್ಚಿನವುಗಳ ಸಾಲಿಗೆ ಸೇರಿದ್ದು. ದೆಹಲಿಯ ಬೆಲೆಗೂ ಜಯನಗರದ ಬೆಲೆಗೂ ಇರುವ ಅಂತರ ಈ ತೆರಿಗೆಯಲ್ಲೇ ಬಹುಮಟ್ಟಿಗೆ ಕರಗಿಹೋಗುತ್ತದೆ.

ಈಗ ಗಾಡಿಯನ್ನು ಕಣ್ಣಾರೆ ನೋಡುವ ಮಾತು. ಹರಾಜಿನ ಷರತ್ತುಗಳಲ್ಲಿ ಇದ್ದಲ್ಲಿ, ಇದ್ದ ಹಾಗೆ ಎಂಬ ಒಂದು ಸಾಲು ತಪ್ಪದೆ ಇರುತ್ತದೆ. ಗೆದ್ದ ಮೇಲೆ ಗೇರ್‌ಬಾಕ್ಸ್ ಇಲ್ಲವೆಂದು ಗೊತ್ತಾದರೂ ದೂರಲು ಜಾಗವಿಲ್ಲ ಎಂಬುದು ಅದರ ಅರ್ಥ. ಆದ್ದರಿಂದ ಪರಿಶೀಲನೆಗೆ ಕೊಟ್ಟ ದಿನಗಳಲ್ಲಿ ನೆಲಮಂಗಲದಲ್ಲಿರಲಿ, ಹೊಸಕೋಟೆಯಲ್ಲಿರಲಿ, ಆ ಯಾರ್ಡಿಗೆ ಹೋಗಲೇಬೇಕು, ಬೆಳಗಿನ ಹೊತ್ತಿನಲ್ಲೇ ಹೋಗಬೇಕು; ಓರೆಯಾಗಿ ಬೀಳುವ ಬೆಳಕಿನಲ್ಲಿ ಪುಟ್ಟಿ ತುಂಬಿದ ಬಾಗಿಲು ಉಳಿದವುಗಳಿಗಿಂತ ಬೇರೆಯಾಗಿ ಕಾಣುತ್ತದೆ. ನಂಬಿಕೆಯ ಮೆಕ್ಯಾನಿಕನಿಗೆ ಅರ್ಧ ದಿನದ ಕೂಲಿ ಕೊಟ್ಟು ಕರೆದೊಯ್ಯಿರಿ. ಬಹುತೇಕ ಯಾರ್ಡುಗಳಲ್ಲಿ ಓಡಿಸಿ ನೋಡಲು ಬಿಡುವುದಿಲ್ಲ, ಬ್ಯಾಟರಿ ಸತ್ತಿರುತ್ತದೆ, ಎರಡನೆಯ ಕೀ ಇರುವುದಿಲ್ಲ. ಸ್ಟಾರ್ಟ್ ಮಾಡಲು ಒಪ್ಪಿದರೆ ಎಂಜಿನ್ ತಣ್ಣಗಿದ್ದಾಗಲೇ ಮಾಡಿಸಿ, ಹೊಗೆಯ ಬಣ್ಣ ನೋಡಿ. ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಸ್ಕ್ಯಾನರ್ ಚುಚ್ಚಿ, ದಾಖಲಾಗಿರುವ ದೋಷಗಳನ್ನು ಓದಿಸಿ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಗುರುತಿರುತ್ತದೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟಯರು. ಮೀಟರು 30 ಸಾವಿರ ಕಿಲೋಮೀಟರು ತೋರಿಸುತ್ತಿದ್ದು, ಕಾರಿಗಿಂತ ಮೂರು ವರ್ಷ ಚಿಕ್ಕ ವಯಸ್ಸಿನ ಟಯರುಗಳು ನಾಲ್ಕೂ ಸವೆದಿದ್ದರೆ, ಮೀಟರು ತಿರುಗಿಸಿದ್ದಾರೆಂದು ತಿಳಿಯಲು ಯಂತ್ರ ಬೇಕಿಲ್ಲ. ಕ್ಲಚ್ ಪೆಡಲಿನ ರಬ್ಬರು, ಸ್ಟೀರಿಂಗಿನ ಚರ್ಮ, ಚಾಲಕನ ಸೀಟಿನ ಅಂಚು ಇವೂ ಸುಳ್ಳು ಹೇಳುವುದಿಲ್ಲ. ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಚಾಸಿ ಸಂಖ್ಯೆ ಕೊಟ್ಟು ವಿನಂತಿಸಿದರೆ ಕೊನೆಯ ಸರ್ವಿಸಿನ ಕಿಲೋಮೀಟರನ್ನು ಕೆಲವರು ಹೇಳುತ್ತಾರೆ.

ಬೆಲೆಯ ಲೆಕ್ಕವನ್ನು ನಾನು ಹಿಂದಿನಿಂದ ಮುಂದಕ್ಕೆ ಹಾಕುತ್ತೇನೆ. ಉದಾಹರಣೆಗೆ, ಒಳ್ಳೆಯ ಸ್ಥಿತಿಯಲ್ಲಿರುವ ಅದೇ ವರ್ಷದ ಅದೇ ಮಾಡೆಲು ಬೆಂಗಳೂರಿನ ಪೇಟೆಯಲ್ಲಿ 4,00,000 ರೂಪಾಯಿಗೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ಮೆಕ್ಯಾನಿಕ್ ಹೇಳಿದ ರಿಪೇರಿ 45,000, ಟಯರು 20,000, ಬ್ಯಾಟರಿ 5,000, ವಿಮೆ 12,000, ಹರಾಜು ಸಂಸ್ಥೆಯ ಶುಲ್ಕ ಮತ್ತು ಅದರ ಮೇಲಿನ ಜಿಎಸ್‌ಟಿ ಸೇರಿ 12,000, ಸಂಚಾರ ದಂಡದ ಬಾಕಿ 6,000, ಆರ್‌ಟಿಒ ಕೆಲಸಕ್ಕೆ 5,000, ಯಾರ್ಡಿನಿಂದ ಎಳೆತರಲು 4,000, ಯಾರ್ಡಿನ ಬಾಡಿಗೆ 3,000. ಇದರ ಮೇಲೆ ಕಣ್ಣಿಗೆ ಬೀಳದೆ ಉಳಿದ ದೋಷಕ್ಕೆಂದು ಪೇಟೆಯ ಬೆಲೆಯ ಹತ್ತನೇ ಒಂದು ಭಾಗ, ಅಂದರೆ 40,000. ಎಲ್ಲ ಕೂಡಿದರೆ 1,52,000, ಉಳಿದದ್ದು 2,48,000. ಆದರೆ ಇಷ್ಟೆಲ್ಲ ಅಲೆದು ಕೊನೆಗೆ ಪೇಟೆಯ ಬೆಲೆಗೇ ಕಾರು ಬಿದ್ದರೆ ಅಲೆದದ್ದಕ್ಕೆ ಏನು ಸಿಕ್ಕಿತು? ಆ ಶ್ರಮಕ್ಕೆಂದು ಇನ್ನೊಂದು 40,000 ತೆಗೆದರೆ ನನ್ನ ಕೊನೆಯ ಕೂಗು 2,08,000. ಈ ಅಂಕಿಯನ್ನು ಕಾಗದದಲ್ಲಿ ಬರೆದು, ಮನೆಯಾಕೆಯ ಕೈಗೆ ಕೊಟ್ಟು, ಆಮೇಲೆ ಕಂಪ್ಯೂಟರಿನ ಮುಂದೆ ಕೂರುತ್ತೇನೆ. ಅನೇಕ ಹರಾಜುಗಳಲ್ಲಿ ಕೊನೆಯ ಕ್ಷಣದಲ್ಲಿ ಯಾರಾದರೂ ಬಿಡ್ ಹಾಕಿದರೆ ಗಡಿಯಾರ ತಾನಾಗಿ ಕೆಲವು ನಿಮಿಷ ಮುಂದಕ್ಕೆ ಹೋಗುತ್ತದೆ. ಇನ್ನೊಂದೇ ಸಾವಿರ ಎನ್ನಿಸುವ ಆ ನಿಮಿಷಗಳಲ್ಲಿ ಆ ಕಾಗದ ನಿಮ್ಮ ಕೈಯಲ್ಲಿರಬಾರದು, ಇನ್ನೊಬ್ಬರ ಕೈಯಲ್ಲಿರಬೇಕು.

ಗೆದ್ದಿರಿ ಎಂಬ ಸಂದೇಶ ಬಂದರೂ ವ್ಯವಹಾರ ಮುಗಿದಿರುವುದಿಲ್ಲ. ಮಾರುವವರ ಒಪ್ಪಿಗೆಗೆ ಒಳಪಟ್ಟಿದೆ ಎಂಬ ಷರತ್ತಿದ್ದರೆ, ನಿಮ್ಮ ಬಿಡ್ ಕಡಿಮೆಯಾಯಿತೆಂದು ಅವರು ತಳ್ಳಿಹಾಕಬಹುದು. ಅಲ್ಲಿಯವರೆಗೆ ಬಿಡ್ ಹಾಕಲು ನೀವು ಕಟ್ಟಿದ್ದ ಠೇವಣಿ ಅವರ ಬಳಿಯೇ ಇರುತ್ತದೆ. ಒಪ್ಪಿದ ಮೇಲೆ ಹೇಳಿದ ದಿನದೊಳಗೆ ಪೂರ್ತಿ ಹಣ ಕಟ್ಟದಿದ್ದರೆ ಠೇವಣಿ ಹೋಯಿತು. ಹತ್ತು ಲಕ್ಷ ದಾಟಿದ ಗಾಡಿಗೆ ಶೇ. 1 ಟಿಸಿಎಸ್, ಅಂದರೆ ಮಾರುವವರೇ ವಸೂಲಿ ಮಾಡುವ ತೆರಿಗೆ, ಸೇರಿಸಿಕೊಳ್ಳಬಹುದು. ಅದು ನಿಮ್ಮ ಆದಾಯ ತೆರಿಗೆಯ ಖಾತೆಗೆ ಜಮೆಯಾಗುವ ಹಣ, ರಸೀದಿ ಇಟ್ಟುಕೊಳ್ಳಿ.

ಹಣ ಕಟ್ಟುವ ಹೊತ್ತಿನಲ್ಲೇ ಕಳ್ಳರೂ ಕಾದಿರುತ್ತಾರೆ. ಬ್ಯಾಂಕಿನ ಹೆಸರು, ಲಾಂಛನಗಳನ್ನು ನಕಲು ಮಾಡಿದ ಹರಾಜಿನ ಪುಟಗಳು, ವಾಟ್ಸ್‌ಆ್ಯಪಿನಲ್ಲಿ ಬರುವ ಸೀಜಿಂಗ್ ಗಾಡಿಗಳ ಪಟ್ಟಿ, ವರ್ಗಾವಣೆಯಾಗಿರುವ ಸೈನಿಕನೊಬ್ಬ ಅರ್ಧ ಬೆಲೆಗೆ ಮಾರುತ್ತಿದ್ದಾನೆ ಎಂಬ ಕಥೆ, ಇವೆಲ್ಲದರ ಕೊನೆ ಒಂದೇ: ಗಾಡಿ ತೋರಿಸುವ ಮೊದಲೇ ಗೇಟ್ ಪಾಸಿಗೆಂದು, ಸಾಗಣೆಗೆಂದು, ಮರಳಿ ಕೊಡುವ ಠೇವಣಿಯೆಂದು ಯಾರದೋ ವೈಯಕ್ತಿಕ ಯುಪಿಐಗೆ ಹಣ. ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಬ್ಯಾಂಕುಗಳ ಜಾಲತಾಣದ ವಿಳಾಸ ಈಗ ಡಾಟ್ ಬ್ಯಾಂಕ್ ಡಾಟ್ ಇನ್ ಎಂದು ಕೊನೆಯಾಗಬೇಕು. ಹರಾಜಿನ ಪ್ರಕಟಣೆ ಆ ತಾಣದಲ್ಲಿದೆಯೇ ನೋಡಿ, ಅಲ್ಲಿರುವ ದೂರವಾಣಿಗೆ ನೀವೇ ಕರೆ ಮಾಡಿ ಹರಾಜು ನಡೆಸುವವರ ಹೆಸರನ್ನು ಖಚಿತಪಡಿಸಿಕೊಳ್ಳಿ, ಸಂಸ್ಥೆಯ ಹೆಸರಿನಲ್ಲೇ ಇರುವ ಬ್ಯಾಂಕ್ ಖಾತೆಗೆ ಮಾತ್ರ ಹಣ ಹಾಕಿ. ಮೋಸ ಹೋದಿರೆಂದು ಅನ್ನಿಸಿದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ನಾಚಿಕೆಪಟ್ಟು ಒಂದು ರಾತ್ರಿ ಸುಮ್ಮನಿದ್ದರೆ ಹಣ ಅಷ್ಟರಲ್ಲಿ ಹತ್ತು ಖಾತೆ ದಾಟಿರುತ್ತದೆ.

ಯಾರ್ಡಿನ ಗೇಟು ದಾಟುವ ಮೊದಲು ವಿಮೆ ಮಾಡಿಸಲೇಬೇಕು. ಸೀಜ್ ಆದ ಗಾಡಿಗಳ ವಿಮೆ ಸಾಮಾನ್ಯವಾಗಿ ಮುಗಿದಿರುತ್ತದೆ. ಚಾಲ್ತಿಯಲ್ಲಿದ್ದರೆ ಒಡೆತನ ಬದಲಾದ 14 ದಿನಗಳೊಳಗೆ ವಿಮಾ ಕಂಪನಿಗೆ ತಿಳಿಸಿ ಹೆಸರು ಬದಲಾಯಿಸಿಕೊಳ್ಳಬೇಕು. ಹಳೆಯ ಮಾಲೀಕನ ನೋ ಕ್ಲೇಮ್ ಬೋನಸ್ಸು, ಅಂದರೆ ಪರಿಹಾರ ಕೇಳದಿದ್ದುದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅವನದೇ, ಗಾಡಿಯ ಜೊತೆ ಬರುವುದಿಲ್ಲ. ಆರ್‌ಟಿಒ ಅರ್ಜಿಯನ್ನು 30 ದಿನಗಳೊಳಗೆ ಹಾಕಬೇಕು. ಹಳೆಯ ಫಾಸ್ಟ್ಯಾಗನ್ನು ಕಿತ್ತು, ಅದನ್ನು ಮುಚ್ಚಿಸಿದ ಮೇಲೆಯೇ ಹೊಸದು ಸಿಗುತ್ತದೆ. ಹೆಸರು ಬದಲಾಯಿಸದೆ ಕೈಯಿಂದ ಕೈಗೆ ದಾಟಿದ ಕಾರೊಂದರ ಅಪಘಾತದಲ್ಲಿ, ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಕೊಂಡವರಿಗಿಂತ ಮಾರಿದವರು ಈ ತೀರ್ಪನ್ನು ಹೆಚ್ಚು ನೆನಪಿಡಬೇಕು. ನಿಮ್ಮ ಈಗಿನ ಗಾಡಿಯನ್ನು ಮಾರಿ ಇನ್ನೊಂದು ಕೊಳ್ಳುವವರಿಗೆ ಎರಡೂ ಪಾತ್ರವಿದೆ.

ಸಭೆಯಲ್ಲಿ ಒಬ್ಬ ತಾಯಿ ಕೇಳಿದರು: ಟ್ಯಾಕ್ಸಿಯಾಗಿ ಓಡಿದ ಯೆಲ್ಲೋ ಬೋರ್ಡ್ ಗಾಡಿ ಅಗ್ಗಕ್ಕೆ ಬಂದಿದೆ, ಮನೆಗೆ ಇಟ್ಟುಕೊಳ್ಳಬಹುದೇ? ಅಮ್ಮ, ಇಟ್ಟುಕೊಳ್ಳಬಹುದು, ಆದರೆ ಪರ್ಮಿಟ್ಟು ಒಪ್ಪಿಸಿ, ಖಾಸಗಿ ವರ್ಗಕ್ಕೆ ಬದಲಿಸಿ, ತೆರಿಗೆಯ ವ್ಯತ್ಯಾಸ ಕಟ್ಟಿದ ಮೇಲೆ. ಆ ಖರ್ಚು ಸೇರಿಸಿದರೂ ಅಗ್ಗವೇ ಎಂದು ನೋಡಿ, ಅದರ ಎಫ್‌ಸಿ, ಅಂದರೆ ಓಡಲು ಯೋಗ್ಯವೆಂಬ ಪ್ರಮಾಣಪತ್ರ, ಚಾಲ್ತಿಯಲ್ಲಿದೆಯೇ ಎಂದೂ ನೋಡಿ. ಮೀಟರಿನ ಅಂಕಿಯನ್ನು ಮಾತ್ರ ನೋಡಲೇಬೇಡಿ. ಬೆಂಗಳೂರಿನ ಟ್ಯಾಕ್ಸಿ ಓಡಿದ್ದಕ್ಕಿಂತ ಸಿಗ್ನಲ್ಲಿನಲ್ಲಿ ಎಂಜಿನ್ ಹಾಕಿಕೊಂಡು ನಿಂತದ್ದೇ ಹೆಚ್ಚು.

ಹಿಂದಿನ ಸಾಲಿನಲ್ಲಿದ್ದ ಯುವಕರೊಬ್ಬರ ಪ್ರಶ್ನೆ ಹೆಚ್ಚು ಕಷ್ಟದ್ದು: ಗೆದ್ದ ಮೇಲೆ ಗಾಡಿ ನೋಡಿ ಬೇಡವೆನಿಸಿದರೆ ಏನು ಮಾಡಬೇಕು? ಠೇವಣಿ ಬಿಟ್ಟು ಎದ್ದು ಬರಬೇಕು ಎಂದೆ. ನಾನೂ ಒಮ್ಮೆ ಹಾಗೆ ಮಾಡಿದ್ದೇನೆ. ನೆಂಟರೊಬ್ಬರಿಗೆಂದು ಫೋಟೊ ನೋಡಿಯೇ ಬಿಡ್ ಹಾಕಿ ಗೆದ್ದು, ಯಾರ್ಡಿಗೆ ಹೋಗಿ ಕಾಲಡಿಯ ಕಾರ್ಪೆಟ್ಟನ್ನು ಎತ್ತಿದರೆ ಕೆಳಗಿನ ಸ್ಪಂಜು ಇನ್ನೂ ಒದ್ದೆಯಾಗಿತ್ತು. 20,000 ರೂಪಾಯಿ ಠೇವಣಿಯನ್ನು ಅಲ್ಲೇ ಬಿಟ್ಟು ಬಂದೆವು. ನೆಂಟರು ಎರಡು ತಿಂಗಳು ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಮೂರು ವಾರದ ಬಳಿಕ ಅದೇ ಕಾರು ಅದೇ ಪಟ್ಟಿಗೆ ಮರಳಿ ಬಂತು, ಹನ್ನೆರಡು ಹೊಸ ಫೋಟೊಗಳೊಂದಿಗೆ. ಕಾರ್ಪೆಟ್ಟಿನದು ಅವುಗಳಲ್ಲಿ ಒಂದೂ ಇರಲಿಲ್ಲ.